ಮೊದಲು ಆರೈಕೆ, ಆಮೇಲೆ ಲೆಕ್ಕ



ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ದಾರಿಯಲ್ಲಿ ಬಿದ್ದಿದ್ದವನನ್ನು ಸಮಾರಿಯದವನೊಬ್ಬ ಎತ್ತಿಕೊಂಡು ಹೋಗಿ ಛತ್ರಕ್ಕೆ ಸೇರಿಸಿದ ಸಾಮತಿ ನಮಗೆಲ್ಲ ಗೊತ್ತು. ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ತೀರಿಸುವುದಾಗಿ ಅವನು ಹೇಳಿಹೋದ. ಮೊದಲು ಆರೈಕೆ, ಆಮೇಲೆ ಲೆಕ್ಕ. ಇದು ಧರ್ಮದ ಮಾತು ಮಾತ್ರವಲ್ಲ, ತುರ್ತು ಚಿಕಿತ್ಸೆಯ ವಿಷಯದಲ್ಲಿ ನಮ್ಮ ಕರ್ನಾಟಕದ ಕಾನೂನೂ ಹೌದು. ಆದರೆ ನಮ್ಮಲ್ಲಿ ಎಷ್ಟು ಮನೆಗಳಿಗೆ ಇದು ತಿಳಿದಿದೆ?

ಕುಂಬಾರಕೊಪ್ಪಲಿನಂತಹ ಬಡಾವಣೆಯಲ್ಲಿ ನಡುರಾತ್ರಿ ಮನೆಯ ಹಿರಿಯರಿಗೆ ಎದೆನೋವು ಬಂದರೆ ನಾವು ಏನು ಮಾಡುತ್ತೇವೆ? ಆಟೋ ಹಿಡಿಯುವ ಮೊದಲೇ ಪಕ್ಕದ ಮನೆಯವರ ಹತ್ತಿರ ಸಾಲ ಕೇಳುತ್ತೇವೆ. ಮುಂಗಡ ಕಟ್ಟದಿದ್ದರೆ ಒಳಗೆ ಸೇರಿಸಿಕೊಳ್ಳುವುದಿಲ್ಲ ಎಂಬ ಭಯ ನಮ್ಮದು. ಹಣ ಹೊಂದಿಸುವುದರಲ್ಲಿ ಕಳೆದ ಅರ್ಧ ಗಂಟೆ ಜೀವಕ್ಕೇ ಎರವಾಗಬಹುದು. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಇದೆ, ಚೆಲುವಾಂಬ ಇದೆ, ಜಯದೇವ ಇದೆ. ಆದರೂ ಹತ್ತಿರ ಸಿಗುವುದು ಖಾಸಗಿ ಆಸ್ಪತ್ರೆಯೇ ಎಂಬ ಸಂದರ್ಭಗಳು ಬಹಳ. ಈ ಭಯವನ್ನು ನೀಗಿಸಲೆಂದೇ ಒಂದು ಕಾನೂನು ತಿದ್ದುಪಡಿಯಾಯಿತು.

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ ಬಂದದ್ದು 2007ರಲ್ಲಿ. ಅದು ಸಾಲದೆಂಬ ದೂರುಗಳು ಹೆಚ್ಚಿದಾಗ ಸರ್ಕಾರವು ನಿವೃತ್ತ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ರಚಿಸಿತು. ಬಳಿಕ 2017ರ ಜೂನ್ ತಿಂಗಳಲ್ಲಿ ಅಂದಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ತಿದ್ದುಪಡಿ ವಿಧೇಯಕವನ್ನು ಮಂಡಿಸಿದರು. ವಿಧೇಯಕವು ಉಭಯ ಸದನಗಳ ಸಮಿತಿಯ ಪರಿಶೀಲನೆಗೆ ಹೋಯಿತು.

ಅದೇ ವರ್ಷದ ನವೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಸೇರಿತು. ಅದು ಎರಡೇ ವಾರದ ಅಧಿವೇಶನ. ಮುಂದಿನ ಬೇಸಿಗೆಯಲ್ಲಿ ಚುನಾವಣೆ. ಒಂದು ಅಧಿವೇಶನ ಮುಗಿದ ಮಾತ್ರಕ್ಕೆ ವಿಧೇಯಕ ಸಾಯುವುದಿಲ್ಲ. ಆದರೆ ವಿಧಾನಸಭೆ ವಿಸರ್ಜನೆಯಾದರೆ ಅಲ್ಲಿ ಬಾಕಿ ಉಳಿದ ವಿಧೇಯಕ ಬಿದ್ದುಹೋಗುತ್ತದೆ ಎಂದು ಸಂವಿಧಾನದ 196ನೇ ವಿಧಿ ಹೇಳುತ್ತದೆ. ಆದ್ದರಿಂದ ಆ ಎರಡು ವಾರಗಳಿಗೆ ಅಷ್ಟು ಬೆಲೆ ಬಂತು.

ಖಾಸಗಿ ವೈದ್ಯರು ಮುಷ್ಕರ ಹೂಡಿದರು. ರಾಜ್ಯದ ಉದ್ದಗಲಕ್ಕೂ ಹೊರರೋಗಿ ವಿಭಾಗಗಳು ಮುಚ್ಚಿದವು. ರೋಗಿಗಳು ಪರದಾಡಿದರು. ಮುಷ್ಕರದ ವಿಷಯ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು. ವೈದ್ಯರ ಅಳಲಿನಲ್ಲಿ ಹುರುಳಿರಲಿಲ್ಲ ಎನ್ನಲಾಗದು. ಜೈಲಿನ ಭಯದಲ್ಲಿ ಚಿಕಿತ್ಸೆ ಮಾಡುವುದು ಹೇಗೆ, ಸರ್ಕಾರಿ ಆಸ್ಪತ್ರೆಗಳಿಗೆ ಈ ನಿಯಮ ಏಕಿಲ್ಲ ಎಂದು ಅವರು ಕೇಳಿದರು. ಇನ್ನೊಂದು ಕಡೆ ಕರ್ನಾಟಕ ಜನಾರೋಗ್ಯ ಚಳುವಳಿಯಂತಹ ಸಂಘಟನೆಗಳು ರೋಗಿಗಳ ಪರವಾಗಿ ನಿಂತು ವಿಧೇಯಕವನ್ನು ಕೈಬಿಡಬಾರದೆಂದು ಒತ್ತಾಯಿಸಿದವು. ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವೈದ್ಯರೊಡನೆ ಮಾತುಕತೆ ನಡೆಸಿದ ಮೇಲೆ ಮುಷ್ಕರ ನಿಂತಿತು. ಅಧಿವೇಶನದ ಕೊನೆಯ ವಾರದಲ್ಲಿ ವಿಧೇಯಕಕ್ಕೆ ಎರಡೂ ಸದನಗಳ ಒಪ್ಪಿಗೆ ದೊರೆಯಿತು.

ಈ ರಾಜಿಯಲ್ಲಿ ಕಳೆದುಕೊಂಡದ್ದೂ ಇದೆ. ಹೆಚ್ಚು ಹಣ ಪಡೆದವರಿಗೆ ಜೈಲು ಶಿಕ್ಷೆ ಎಂಬ ಅಂಶ ಹೋಯಿತು. ಎಲ್ಲ ಚಿಕಿತ್ಸೆಗಳಿಗೂ ಸರ್ಕಾರವೇ ದರ ಗೊತ್ತುಮಾಡುವ ಆಸೆ ಈಡೇರಲಿಲ್ಲ. ಸರ್ಕಾರ ನಿಗದಿಮಾಡುವ ದರ ಸರ್ಕಾರಿ ಆರೋಗ್ಯ ಯೋಜನೆಗಳ ಚಿಕಿತ್ಸೆಗಷ್ಟೇ ಸೀಮಿತವಾಯಿತು. ಆದರೆ ಉಳಿದದ್ದು ಸಣ್ಣದಲ್ಲ.

ಮೊದಲನೆಯದಾಗಿ, ತುರ್ತು ಸ್ಥಿತಿಯಲ್ಲಿ ಬಂದ ರೋಗಿಗೆ ಮುಂಗಡ ಹಣ ಕಟ್ಟಿದ ಮೇಲೆಯೇ ಚಿಕಿತ್ಸೆ ಎನ್ನುವಂತಿಲ್ಲ. ಪ್ರಾಣ ಉಳಿಸುವುದೇ ವೈದ್ಯನ ಮೊದಲ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರಲ್ಲಿಯೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿತ್ತು.

ಎರಡನೆಯದಾಗಿ, ರೋಗಿ ತೀರಿಕೊಂಡಾಗ ಬಿಲ್ಲಿನ ಬಾಕಿ ತೋರಿಸಿ ಶವವನ್ನು ತಡೆಹಿಡಿಯುವಂತಿಲ್ಲ. ಬಾಕಿಯನ್ನು ಆಮೇಲೆ ವಸೂಲಿ ಮಾಡಿಕೊಳ್ಳಬೇಕು. ಸತ್ತವರನ್ನು ಗೌರವದಿಂದ ಮಣ್ಣುಮಾಡುವುದು ದಯೆಯ ಕಾರ್ಯಗಳಲ್ಲಿ ಒಂದೆಂದು ಕಲಿತ ನಮಗೆ ಈ ಅಂಶದ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಮೂರನೆಯದಾಗಿ, ಚಿಕಿತ್ಸೆಯ ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ರೋಗಿಗಳ ಹಕ್ಕುಗಳ ಸನ್ನದು ಈಗ ಕಾನೂನಿನ ಭಾಗವೇ ಆಗಿದೆ.

ನಾಲ್ಕನೆಯದಾಗಿ, ದೂರು ಕೇಳಲು ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯಲ್ಲಿ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರವಿದೆ.

ಇದರ ಜೊತೆಗೆ ಇನ್ನೊಂದು ಕಾನೂನನ್ನೂ ನೆನೆಯಬೇಕು. ಅಪಘಾತದಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಪೊಲೀಸು, ಕೋರ್ಟು ಎಂಬ ಕಿರುಕುಳವಾಗದಂತೆ ರಕ್ಷಣೆ ಕೊಡುವ ನಮ್ಮ ರಾಜ್ಯದ ಅಧಿನಿಯಮಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರ ಹೆಸರಿನಲ್ಲಿಯೇ ಆ ಸಮಾರಿಯದವನಿದ್ದಾನೆ! ಹಾಗಿರುವಾಗ ರಿಂಗ್ ರಸ್ತೆಯಲ್ಲಿ ಬಿದ್ದವರನ್ನು ಕಂಡು ‘ನಮಗೇಕೆ ಈ ಉಸಾಬರಿ’ ಎಂದು ಪಕ್ಕಕ್ಕೆ ಸರಿದು ಹೋಗಲು ನಮಗೆ ಇನ್ನು ಯಾವ ನೆಪವೂ ಉಳಿದಿಲ್ಲ.

ಆತ್ಮೀಯರೇ, ಅಧಿವೇಶನ ಮುಗಿದು ಶಾಸಕರು ಊರಿಗೆ ಮರಳಿದಾಗ ಅವರ ಕೆಲಸ ಮುಗಿಯಬಹುದು, ನಮ್ಮ ಕೆಲಸ ಅಲ್ಲಿಂದಲೇ ಆರಂಭ. ಯಾರೂ ಕೇಳದ ಹಕ್ಕು ಪುಸ್ತಕದಲ್ಲಿಯೇ ಉಳಿಯುತ್ತದೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಕಾರ್ಡನ್ನು ಆರೋಗ್ಯ ಚೆನ್ನಾಗಿರುವಾಗಲೇ ಮಾಡಿಸಿಟ್ಟುಕೊಳ್ಳೋಣ. ಆಸ್ಪತ್ರೆಗೆ ಹೋದಾಗ ದರಪಟ್ಟಿ ಎಲ್ಲಿದೆ ಎಂದು ವಿನಯದಿಂದಲೇ ಕೇಳೋಣ. ಬಿಲ್ಲು, ಚೀಟಿ, ಪರೀಕ್ಷೆಯ ವರದಿಗಳನ್ನು ಜೋಪಾನ ಮಾಡೋಣ. ಅನ್ಯಾಯವಾದರೆ ಕೂಗಾಡದೆ, ವೈದ್ಯರ ಮೇಲೆ ಕೈಮಾಡದೆ, ಬರಹದಲ್ಲಿ ದೂರು ಕೊಡೋಣ. ಓದು ಬಾರದ ನೆರೆಯವರಿಗೆ ಆ ದೂರನ್ನು ಬರೆದುಕೊಡೋಣ. ನಮ್ಮ ಶಾಸಕರು ಮತ ಕೇಳಲು ಬಂದಾಗ ಈ ಕಾನೂನು ನಮ್ಮ ಜಿಲ್ಲೆಯಲ್ಲಿ ಹೇಗೆ ನಡೆಯುತ್ತಿದೆ ಎಂದು ಪ್ರಶ್ನಿಸೋಣ. ನಮ್ಮ ಧರ್ಮಸಭೆಯ ಆಸ್ಪತ್ರೆಗಳೂ ಈ ಕಾನೂನಿನ ಹೊರಗಿಲ್ಲ. ಅವು ಉಳಿದವರಿಗೆ ಮಾದರಿಯಾಗಬೇಕೆಂದು ಬಯಸುವ ಹಕ್ಕು ನಮಗಿದೆ.

ಛತ್ರದ ಬಾಗಿಲನ್ನು ಕಾನೂನು ತೆರೆದಿಟ್ಟಿದೆ. ಗಾಯಗೊಂಡವನನ್ನು ಅಲ್ಲಿಯವರೆಗೆ ಕರೆದುಕೊಂಡು ಹೋಗುವ ಕೆಲಸ ಮಾತ್ರ ಎಂದಿನಂತೆ ನಮ್ಮದೇ.