ಹನ್ನೆರಡು ಸ್ಪಿನ್, ಹದಿನಾರು ಸ್ಪಿನ್

‘ಇದರಿಂದ ಕೆಲಸ ಸಿಗ್ತದಾ?’ ಬೆಳ್ತಂಗಡಿಯಲ್ಲಿ ಅಪ್ಪ, ಬಂಟ್ವಾಳದಲ್ಲಿ ಮಾವ, ಮೂಡುಬಿದಿರೆಯ ಹಾಸ್ಟೆಲಿನಲ್ಲಿ ರೂಮ್‌ಮೇಟ್, ಮೂವರೂ ಕೇಳುವುದು ಇದನ್ನೇ. ಬಿ.ಸಿ. ರೋಡಿನಲ್ಲಿ ಲೆಕ್ಕಪತ್ರ ನೋಡುವ ಕೆಲಸವೊಂದನ್ನು ಮಾವ ನನಗಾಗಿ ಹೇಳಿಟ್ಟಿದ್ದಾರೆ. ನಾನೋ ಎಂ.ಎಸ್ಸಿ. ಭೌತಶಾಸ್ತ್ರದ ಪ್ರಾಜೆಕ್ಟಿಗೆ ಬಹುಕಣ ಕ್ವಾಂಟಂ ವ್ಯವಸ್ಥೆಗಳ ‘ಸ್ಪೆಕ್ಟ್ರಲ್ ಫಂಕ್ಷನ್’ ಹಿಡಿದು ಕೂತಿದ್ದೇನೆ. ‘ಎಂಥ ಮಾರಾಯ ಅದು?’

ಆಟ ಶುರುವಾಗುವ ಮೊದಲು ಮದ್ದಳೆಗಾರರು ಬೆರಳಿನಿಂದ ತಟ್ಟಿ ಶ್ರುತಿ ನೋಡುತ್ತಾರಲ್ಲ, ಹಾಗೆಯೇ ವಸ್ತುವಿನೊಳಗಿನ ಎಲೆಕ್ಟ್ರಾನುಗಳನ್ನೂ ಬೆಳಕಿನಿಂದಲೋ ನ್ಯೂಟ್ರಾನುಗಳಿಂದಲೋ ತಟ್ಟಬಹುದು. ಯಾವ ಶಕ್ತಿಯಲ್ಲಿ ಅವು ಎಷ್ಟು ಜೋರಾಗಿ ಮಿಡಿಯುತ್ತವೆ ಎಂದು ತೋರಿಸುವ ನಕ್ಷೆಯೇ ಸ್ಪೆಕ್ಟ್ರಲ್ ಫಂಕ್ಷನ್.

ಕಷ್ಟವಿರುವುದು ಲೆಕ್ಕದ ಗಾತ್ರದಲ್ಲಿ. ಮೇಲೆ ಅಥವಾ ಕೆಳಗೆ ನಿಲ್ಲಬಲ್ಲ 10 ಸ್ಪಿನ್‌ಗಳ ಸರಪಳಿಗೆ 1,024 ಸ್ಥಿತಿಗಳು. 20ಕ್ಕೆ 10,48,576. 30ಕ್ಕೆ 107 ಕೋಟಿ ದಾಟುತ್ತದೆ! 20 ಸ್ಪಿನ್‌ಗಳ ಇಡೀ ಮ್ಯಾಟ್ರಿಕ್ಸ್ ಬರೆದಿಡಲು ಸುಮಾರು 8 ಟೆರಾಬೈಟ್ ಬೇಕು. ನನ್ನ ಲ್ಯಾಪ್‌ಟಾಪಿನ ಮೆಮೊರಿ 8 ಗಿಗಾಬೈಟ್. ಪುಣ್ಯಕ್ಕೆ ಆ ಮ್ಯಾಟ್ರಿಕ್ಸಿನಲ್ಲಿ ಹೆಚ್ಚಿನವು ಸೊನ್ನೆಗಳೇ. ಸೊನ್ನೆ ಬಿಟ್ಟು ಉಳಿದದ್ದನ್ನು ಮತ್ತೆ ಮತ್ತೆ ಗುಣಿಸಿ ಕನಿಷ್ಠ ಶಕ್ತಿಯ ಸ್ಥಿತಿಯನ್ನು ಹುಡುಕುವ ದಾರಿಯನ್ನು ಲ್ಯಾಂಕ್ಜೋಸ್ 1950ರಲ್ಲೇ ತೋರಿಸಿದ್ದರು.

ಮುಂದಿನ ಹೆಜ್ಜೆಯನ್ನು ಹುಡುಕುವಾಗ ಸಿಕ್ಕಿದ ಹೆಸರು ನಮ್ಮ ಬೆಂಗಳೂರಿನದು. ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಾಮಶೇಷ ಅವರು ಪ್ರಿನ್ಸ್‌ಟನ್ನಿನ ಜೋಲ್ತಾನ್ ಸೂಸ್ ಜೊತೆ 1989ರಲ್ಲಿ ‘ಕರೆಕ್ಷನ್ ವೆಕ್ಟರ್’ ವಿಧಾನವನ್ನು ಬಳಸಿದರು. ಅವರ ಗುರಿ ಅಣುಗಳು ಬೆಳಕಿಗೆ ಸ್ಪಂದಿಸುವ ರೀತಿ. ಲಕ್ಷಾಂತರ ಸ್ಥಿತಿಗಳನ್ನು ಒಂದೊಂದಾಗಿ ಹುಡುಕುವ ಗೊಡವೆಯೇ ಇಲ್ಲಿಲ್ಲ. ಬೇಕಾದ ಶಕ್ತಿಯನ್ನು ಆರಿಸಿಕೊಂಡು, ಅದಕ್ಕೊಂದು ರೇಖಾತ್ಮಕ ಸಮೀಕರಣಗಳ ಗುಂಪನ್ನು ಬಿಡಿಸಿದರೆ ಅಲ್ಲಿನ ಮಿಡಿತ ಸಿಗುತ್ತದೆ. ಸ್ಟೀವನ್ ವೈಟ್ 1992ರಲ್ಲಿ ಉದ್ದ ಸರಪಳಿಗಳಿಗೆಂದು ಡಿಎಂಆರ್‌ಜಿ ವಿಧಾನ ಕೊಟ್ಟ ಮೇಲೆ ರಾಮಶೇಷ ಅವರ ತಂಡ ಎರಡನ್ನೂ ಜೋಡಿಸಿತು. 1999ರಲ್ಲಿ ಸ್ವತಃ ವೈಟ್, ಕ್ಯೂನರ್ ಜೊತೆ ಸೇರಿ ಸ್ಪಿನ್ ಸರಪಳಿಗಳಿಗೆ ಇದೇ ದಾರಿ ಹಿಡಿದರು. ಇದನ್ನು ನಮ್ಮ ಕಾಲೇಜು ಪಠ್ಯಗಳಲ್ಲಿ ಒಂದು ಸಾಲಾದರೂ ಹೇಳಬಾರದೇ ಎಂದು ನನಗನಿಸಿದ್ದುಂಟು.

ನೆರೆಯದಕ್ಕೆ ಎದುರಾಗಿ ನಿಲ್ಲಬಯಸುವ 12 ಸ್ಪಿನ್‌ಗಳನ್ನು ಲೆಕ್ಕ ಹಾಕಿದಾಗ ಚೂಪಾದ ಶಿಖರಗಳು ಬಂದವು. 16ಕ್ಕೆ ಏರಿಸಿದೆ, ಮೊದಲ ಶಿಖರ ಕೆಳಗಿನ ಶಕ್ತಿಗೆ ಜಾರಿತು. ಅನಂತ ಸರಪಳಿಯಲ್ಲಿ ಆ ಅಂತರ ಸೊನ್ನೆ ಎಂದು 1962ರಲ್ಲೇ ದೆ ಕ್ಲೊಯಿಜೊ ಮತ್ತು ಪಿಯರ್ಸನ್ ತೋರಿಸಿದ್ದಾರೆ. ಅಂದರೆ ಪ್ರೋಗ್ರಾಂ ಸರಿ, ಗುಣಾಕಾರ ಸರಿ, ಆದರೂ ಶಿಖರ ವಸ್ತುವಿನದಲ್ಲ. ಸರಪಳಿ ಗಿಡ್ಡವಾದದ್ದರ ಗುರುತು. ಶಿಖರಗಳನ್ನು ಅಗಲ ಮಾಡಿ ಮರೆಮಾಚಬಹುದು. ಆದರೆ ಅತಿಯಾದರೆ ನಿಜವಾದ ವಿವರವೂ ಅಳಿಸಿಹೋಗುತ್ತದೆ. ಎಷ್ಟು ಅಗಲ ಎಂಬುದನ್ನು ಕಂಪ್ಯೂಟರ್ ಹೇಳುವುದಿಲ್ಲ, ನಾವೇ ಹಲವು ಉದ್ದಗಳಿಗೆ ಲೆಕ್ಕ ಹಾಕಿ ತೀರ್ಮಾನಿಸಬೇಕು. ಸಂಬಳ ಕೊಡುವವರು ಕೇಳುವುದೂ ಇಂಥದ್ದನ್ನೇ ಎಂಬುದು ನನ್ನ ನಂಬಿಕೆ: ಪರದೆಯ ಮೇಲೆ ಬಂದ ಉತ್ತರವನ್ನು ಎಷ್ಟು ನಂಬಬಹುದು?

ನಿಮ್ಮಲ್ಲಿ ಯಾರಿಗಾದರೂ ಇದರಲ್ಲಿ ಆಸಕ್ತಿ ಇದ್ದರೆ, ಬಿ.ಎಸ್ಸಿ. ಬಳಿಕ ಜಾಮ್ ಪರೀಕ್ಷೆ ಇದೆ. ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ನಲ್ಲಿ ಎರಡು ತಿಂಗಳು ಸಂಶೋಧಕರ ಜೊತೆ ಕೆಲಸ ಮಾಡಬಹುದು. ನಾನೂ ಅರ್ಜಿ ಹಾಕಿದ್ದೇನೆ. ಸದ್ಯ 20 ಸ್ಪಿನ್‌ಗಳ ಲೆಕ್ಕ ನಡೆದಿದೆ. ಮೇಲಿನವೂ ಕೆಳಗಿನವೂ ಸಮವಿರುವ ಸ್ಥಿತಿಗಳನ್ನಷ್ಟೇ ಇಟ್ಟುಕೊಂಡರೆ 1,84,756 ಸಾಕು; ನನ್ನ ಲ್ಯಾಪ್‌ಟಾಪಿಗೆ ಅದು ಹಿಡಿಸುತ್ತದೆ.