ಕಡಲಿಗೆ ಬೆನ್ನು ಕೊಡಬೇಡಿ

ಕಡಲು ನಮಗೆ ಹೊಸದಲ್ಲ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡಲ ಬದಿಯ ತಾಲೂಕುಗಳು. ನಮ್ಮಲ್ಲಿ ಕೆಲವರು ಮೀನು ಹಿಡಿಯುತ್ತಾರೆ. ಕೆಲವರು ಮೀನು ಮಾರುತ್ತಾರೆ. ಮೀನು ಮುಟ್ಟದವರೂ ಸಂಜೆ ಗಾಳಿಗೆ ಅಂತ ಕಡಲ ದಂಡೆಗೆ ಹೋಗುತ್ತಾರೆ.

ಘಟ್ಟದ ಮೇಲಿನಿಂದ ನೆಂಟರು ಬರುತ್ತಾರೆ. ಮಕ್ಕಳನ್ನೂ ಕರಕೊಂಡು ಬರುತ್ತಾರೆ. ಊಟ ಆದ ಮೇಲೆ ನಾವೇ ಹೇಳುತ್ತೇವೆ, "ಬನ್ನಿ, ಮುರ್ಡೇಶ್ವರಕ್ಕೆ ಹೋಗಿ ಬರುವಾ." ಹೋಗುತ್ತೇವೆ. ದೇವರ ದರ್ಶನ ಆಗುತ್ತದೆ. ದೊಡ್ಡ ಶಿವನ ಮೂರ್ತಿ ನೋಡುತ್ತೇವೆ. ಆಮೇಲೆ ಮಕ್ಕಳು ನೀರಿಗೆ ಓಡುತ್ತವೆ. ದೊಡ್ಡವರು ಮರಳಿನ ಮೇಲೆ ಕೂತು ಮಾತಿಗೆ ಇಳಿಯುತ್ತೇವೆ.

ಆ ಹೊತ್ತಿನಲ್ಲಿ ಮಕ್ಕಳನ್ನು ನೋಡುತ್ತಿರುವವರು ಯಾರು?

2024ರ ಡಿಸೆಂಬರ್ 10ರ ಸಂಜೆ ನಡೆದದ್ದು ನಿಮಗೆ ನೆನಪಿರಬಹುದು. ಕೋಲಾರ ಜಿಲ್ಲೆಯ ಮುಳಬಾಗಿಲು ತಾಲೂಕಿನ ಒಂದು ವಸತಿ ಶಾಲೆಯ ಮಕ್ಕಳು ಪ್ರವಾಸಕ್ಕೆ ಮುರ್ಡೇಶ್ವರಕ್ಕೆ ಬಂದಿದ್ದರು. ಮುಳಬಾಗಿಲಿಗೂ ಕಡಲಿಗೂ ಬಲು ದೂರ. ಏಳು ಜನ ಹುಡುಗಿಯರು ನೀರಿನ ಸೆಳೆತಕ್ಕೆ ಸಿಕ್ಕಿದರು. ಮೂವರನ್ನು ಬದುಕಿಸಿ ದಡಕ್ಕೆ ತಂದರು. ನಾಲ್ವರು ಬದುಕಲಿಲ್ಲ. ಆ ಮೇಲೆ ಕೆಲವು ದಿನ ಕಡಲ ತೀರವನ್ನೇ ಮುಚ್ಚಿದರು.

ಅದು ಮಳೆಗಾಲ ಅಲ್ಲ, ಡಿಸೆಂಬರ್ ತಿಂಗಳು. ಆಷಾಢದ ಕಡಲನ್ನು ನೋಡಿದರೆ ಯಾರಿಗಾದರೂ ಹೆದರಿಕೆ ಆಗುತ್ತದೆ. ಡಿಸೆಂಬರಿನ ಕಡಲಿಗೆ ಯಾರೂ ಹೆದರುವುದಿಲ್ಲ. ಅಲ್ಲೇ ತಪ್ಪು ಆಗುವುದು.

ನೀರು ಎಳೆಯುವುದು ಹೇಗೆ?

ಅಲೆಗಳು ಒಂದರ ಹಿಂದೆ ಒಂದು ದಡಕ್ಕೆ ನೀರು ತಂದು ಹಾಕುತ್ತವೆ. ಬಂದ ನೀರು ತಿರುಗಿ ಹೋಗಲೇಬೇಕಲ್ಲ? ಅದು ಎಲ್ಲ ಕಡೆಯಿಂದ ಒಂದೇ ಸಮನೆ ಹೋಗುವುದಿಲ್ಲ. ಮರಳಿನಲ್ಲಿ ಆಳವಾದ ಜಾಗ ಎಲ್ಲಿದೆಯೋ ಅಲ್ಲಿ ಸೇರಿ, ಒಂದು ತೋಡಿನ ಹಾಗೆ, ಜೋರಾಗಿ ಕಡಲಿಗೆ ಹರಿಯುತ್ತದೆ. ಗದ್ದೆಯ ನೀರು ಬದು ಒಡೆದ ಕಡೆ ನುಗ್ಗುವುದನ್ನು ನೋಡಿದ್ದೀರಲ್ಲ, ಹಾಗೆಯೇ. ಇದೇ ಸೆಳೆತ.

ಈ ತೋಡು ಮೇಲಿನಿಂದ ನೋಡಿದರೆ ಒಳ್ಳೆಯ ಜಾಗದ ಹಾಗೆ ಕಾಣುತ್ತದೆ. ಎರಡೂ ಬದಿಗೆ ಅಲೆ ಒಡೆದು ಬಿಳಿ ನೊರೆ ಏಳುತ್ತದೆ. ನಡುವೆ ಮಾತ್ರ ಅಲೆ ಇಲ್ಲ, ನೊರೆ ಇಲ್ಲ. ನೀರು ಸ್ವಲ್ಪ ಕಪ್ಪಗೆ ಕಾಣುತ್ತದೆ. ಕೆಲವು ಸಲ ಮರಳು ಕಲಕಿ ರಾಡಿಯಾಗಿಯೂ ಇರುತ್ತದೆ. "ಇಲ್ಲಿ ಅಲೆ ಕಡಿಮೆ, ಮಕ್ಕಳು ಇಲ್ಲಿ ಆಡಲಿ" ಎಂದು ಹೊಸಬರು ಅಲ್ಲೇ ಇಳಿಸುತ್ತಾರೆ. ಮೊಣಕಾಲು ನೀರಿನಲ್ಲಿ ನಿಂತ ಮಗುವಿನ ಕಾಲಡಿಯ ಮರಳು ಜಾರುತ್ತದೆ. ನೋಡುತ್ತಿದ್ದಂತೆ ಎದೆಮಟ್ಟದ ನೀರು.

ಹೀಗೆ ಸಿಕ್ಕಿಬಿದ್ದವರು ದಡದ ಕಡೆಗೇ ಈಜಲು ನೋಡುತ್ತಾರೆ. ಒಳ್ಳೆ ಈಜುಗಾರನೂ ಆ ನೀರಿಗೆ ಎದುರಾಗಿ ಈಜಲಾರ. ಕೈ ಸೋತು ಮುಳುಗುತ್ತಾನೆ. ಸೆಳೆತ ನಮ್ಮನ್ನು ಹೊರಗೆ ಒಯ್ಯುತ್ತದೆ, ತಳಕ್ಕೆ ಎಳೆಯುವುದಿಲ್ಲ. ಇದನ್ನು ಮಕ್ಕಳಿಗೆ ಹೇಳಿಕೊಡಬೇಕು. ಹೆದರದೆ ಅಂಗಾತ ತೇಲಬೇಕು. ಕೈ ಎತ್ತಿ ತೋರಿಸಬೇಕು. ಈಜು ಬರುವವರು ದಡದ ಉದ್ದಕ್ಕೆ, ಅಡ್ಡಡ್ಡ ಈಜಬೇಕು. ತೋಡು ಅಗಲ ಇರುವುದಿಲ್ಲ. ಅದರಿಂದ ಹೊರಬಿದ್ದ ಮೇಲೆ ಅಲೆಯೇ ದಡದ ಕಡೆ ನೂಕುತ್ತದೆ.

ನಮ್ಮ ಬೀದಿಗೆ ಮೀನು ತರುವ ಅಕ್ಕ ಒಬ್ಬಳಿದ್ದಾಳೆ. ಅವಳನ್ನು ಕೇಳಿದೆ, "ಅಕ್ಕಾ, ನಿನಗೆ ಕಡಲ ಹೆದರಿಕೆ ಇಲ್ವಾ?"

"ಎಂತಕ್ಕೆ ಇಲ್ಲ ತಂಗೀ?" ಅಂದಳು. "ನಾ ಹುಟ್ಟಿದ್ದೇ ಕಡಲ ಬದಿಗೆ. ಆದ್ರೂ ಕಡಲಿಗೆ ಬೆನ್ನು ಹಾಕಿ ನಿಲ್ಲೂದಿಲ್ಲ. ಪೇಟೆಯವ್ರು ಬತ್ರು, ಕಡಲಿಗೆ ಬೆನ್ನು ಹಾಕಿ ನಗ್ತಾ ಫೋಟೋ ತೆಗಸ್ಕಂತ್ರು. ಹಿಂದೆ ಎಂತ ಬತ್ತದೆ ಅಂತ ಅವ್ರಿಗೆ ಗೊತ್ತೇ ಇಲ್ಲ."

ಅವಳು ಹೇಳಿದ್ದು ನಿಜ. ಬಂಡೆಯ ಮೇಲೆ ನಿಂತು ಫೋಟೋ ತೆಗೆಸುವವರನ್ನು ದಿನಾ ನೋಡುತ್ತೇವೆ. ಹತ್ತು ಅಲೆ ಸಣ್ಣದಾಗಿ ಬಂದ ಮೇಲೆ ಹನ್ನೊಂದನೆಯದು ದೊಡ್ಡದಾಗಿ ಬರಬಹುದು. ಒಣಗಿದ ಬಂಡೆ ಯಾವುದು, ಒದ್ದೆ ಬಂಡೆ ಯಾವುದು ಎಂದು ನೋಡಿ. ಬಂಡೆ ಒದ್ದೆ ಇದ್ದರೆ ಅಲ್ಲಿಯ ತನಕ ಅಲೆ ಬಂದಿದೆ ಎಂದೇ ಅರ್ಥ.

ಹಾಗಾದರೆ ಏನು ಮಾಡಬೇಕು? ಹೋದ ಕೂಡಲೇ ನೀರಿಗೆ ಇಳಿಯಬೇಡಿ. ಐದು ಹತ್ತು ನಿಮಿಷ ನಿಂತು ನೋಡಿ. ಕೆಂಪು ಬಾವುಟ ಹಾಕಿದ್ದರೆ ನೀರಿಗೆ ಇಳಿಯಲೇಬಾರದು. ಅರ್ಧ ಕೆಂಪು, ಅರ್ಧ ಹಳದಿ ಬಾವುಟ ಇದ್ದರೆ ಅಲ್ಲಿ ಜೀವರಕ್ಷಕರ ಕಾವಲು ಇದೆ ಎಂದು ಅರ್ಥ. ಆ ಎರಡು ಬಾವುಟಗಳ ನಡುವೆಯೇ ಇರಿ. ಹೊನ್ನಾವರದ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ನೀಲಿ ಬಾವುಟದ ಮನ್ನಣೆ ಸಿಕ್ಕಿತು. ಅದು ಶುಚಿತ್ವ, ಸುರಕ್ಷತೆ ನೋಡಿ ಕೊಡುವ ಮನ್ನಣೆ. ಹಾಗಂತ ಅಲ್ಲಿನ ಕಡಲು ಬೇರೆ ಕಡಲಲ್ಲ. ಜೀವರಕ್ಷಕ ಸೀಟಿ ಊದಿದರೆ ಅಲ್ಲಿಯೂ ಹೊರಗೆ ಬರಲೇಬೇಕು. ಶರಾವತಿ, ಅಘನಾಶಿನಿ ಹೊಳೆಗಳು ಕಡಲು ಸೇರುವ ಅಳಿವೆಯ ಹತ್ತಿರವಂತೂ ಆಟ ಬೇಡ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರೂ ಕಡಲ ನೀರೂ ಕೂಡಿ ಹೊರಗೆ ಎಳೆಯುತ್ತವೆ.

ಮನೆಯವರಲ್ಲಿ ಒಬ್ಬರು ಕಾವಲಿಗೆ ಇರಬೇಕು. ಅವರ ಕೈಯಲ್ಲಿ ಮೊಬೈಲ್ ಬೇಡ, ಕಡಲೆಕಾಯಿ ಪೊಟ್ಟಣವೂ ಬೇಡ. ಮಕ್ಕಳನ್ನು ಎಣಿಸುತ್ತಾ ಇರುವುದೇ ಅವರ ಕೆಲಸ. ಅರ್ಧ ಗಂಟೆ ಆದ ಮೇಲೆ ಇನ್ನೊಬ್ಬರಿಗೆ ಹೇಳಿ ಏಳಲಿ. "ಎಲ್ಲರೂ ಇದ್ದೇವಲ್ಲ" ಎಂದು ಬಿಟ್ಟರೆ ಯಾರೂ ನೋಡುವುದಿಲ್ಲ.

ಮುಳುಗುವವರು ಕೂಗಿ ಕರೆಯುತ್ತಾರೆ ಎಂದು ನಾವು ತಿಳಿದಿದ್ದೇವೆ. ಸಿನೆಮಾದಲ್ಲಿ ಹಾಗೆ ತೋರಿಸುತ್ತಾರೆ. ನಿಜವಾಗಿ ಹೆಚ್ಚಿನವರು ಕೂಗುವುದಿಲ್ಲ. ಉಸಿರಿಗೇ ಸಾಲದಾಗ ಕೂಗುವುದು ಹೇಗೆ? ಬಾಯಿ ನೀರಿನ ಮಟ್ಟದಲ್ಲಿ ಮುಳುಗಿ ಏಳುತ್ತಿರುತ್ತದೆ. ತಲೆ ಹಿಂದಕ್ಕೆ ವಾಲುತ್ತದೆ. ಕೈಗಳು ಏಣಿ ಹತ್ತುವವರ ಹಾಗೆ ಆಡುತ್ತವೆ. ಗದ್ದಲ ಮಾಡುತ್ತಿದ್ದ ಮಗು ಸುಮ್ಮನಾದರೆ ಕೂಡಲೇ ನೋಡಿ.

ಮಗು ಮುಳುಗುತ್ತಿದ್ದರೆ ತಾಯಿ ತಂದೆ ಹಿಂದೆಮುಂದೆ ನೋಡದೆ ಹಾರುತ್ತಾರೆ. ಬೇಡ ಎಂದು ಹೇಳುವುದು ಸುಲಭ, ಕೇಳುವುದು ಕಷ್ಟ. ಆದರೆ ಈಜು ಬಾರದವರು ಹಾರಿದರೆ ಒಬ್ಬರ ಬದಲು ಇಬ್ಬರು ಹೋಗುತ್ತಾರೆ. ಕೂಗಿ ದೋಣಿಯವರನ್ನು, ಜೀವರಕ್ಷಕರನ್ನು ಕರೆಯಿರಿ. ಹಗ್ಗ, ಮುಚ್ಚಳ ಹಾಕಿದ ಖಾಲಿ ಕ್ಯಾನು, ಗಂಟು ಹಾಕಿದ ಸೀರೆ, ಏನು ಸಿಕ್ಕರೂ ಎಸೆಯಿರಿ. ದಡಕ್ಕೆ ತಂದ ಮೇಲೆ ತಲೆಕೆಳಗೆ ಮಾಡುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಬೇಡ. ಅದರಲ್ಲಿ ಹೊತ್ತು ಹಾಳಾಗುತ್ತದೆ. ಉಸಿರು ಇಲ್ಲದಿದ್ದರೆ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು. ಇದನ್ನು ಕಲಿತವರು ಊರಿಗೆ ನಾಲ್ಕು ಜನರಾದರೂ ಇರಬೇಕು. 108ಕ್ಕೆ ಫೋನ್ ಮಾಡಿ.

ತೇರಿನ ಗದ್ದಲದಲ್ಲಿ

ನನಗೆ ಆಗ ಏಳು ವರ್ಷ. ಶಿವರಾತ್ರಿಗೆ ಗೋಕರ್ಣದ ತೇರು ನೋಡಲು ಹೋಗಿದ್ದೆವು. ಜನರು ತೇರಿಗೆ ಬಾಳೆಹಣ್ಣು ಎಸೆಯುತ್ತಿದ್ದರು. ನಾನು ಬಾಯಿ ಬಿಟ್ಟು ಮೇಲೆ ನೋಡುತ್ತಿದ್ದೆ. ಕೈಯಲ್ಲಿ ಅಮ್ಮನ ಸೆರಗು ಇದೆ ಎಂದುಕೊಂಡಿದ್ದೆ. ಕೆಳಗೆ ನೋಡಿದರೆ ಸೆರಗು ಬೇರೆ ಯಾರದೋ! ಅತ್ತುಕೊಂಡು ಓಡಲು ಹೊರಟವಳನ್ನು ಬಳೆ ಅಂಗಡಿಯ ಅಮ್ಮ ಹಿಡಿದು ಕೂರಿಸಿದರು. "ಇಲ್ಲೇ ಕೂತ್ಕೋ ಮಗಾ. ನೀ ಓಡಿದ್ರೆ ಅಬ್ಬೆ ಎಲ್ಲಿ ಅಂತ ಹುಡ್ಕೂದು?" ಅಮ್ಮ ಬಂದದ್ದು ಬಹಳ ಹೊತ್ತಿನ ಮೇಲೆ.

ಆ ಬಳೆಗಾರ್ತಿ ಹೇಳಿದ್ದು ಸರಿಯಾದ ಮಾತು. ತಪ್ಪಿಹೋದ ಮಗು ಇದ್ದಲ್ಲೇ ಇರಬೇಕು. ಇಲ್ಲವೇ ಅಂಗಡಿಯವರ, ಪೊಲೀಸರ, ಮಕ್ಕಳಿರುವ ಹೆಂಗಸರ ಹತ್ತಿರ ಹೋಗಬೇಕು. ಇದನ್ನು ಮನೆಯಲ್ಲೇ ಹೇಳಿ ಕರಕೊಂಡು ಹೋಗಿ. ಹೋದ ಕೂಡಲೇ ಒಂದು ಗುರುತಿನ ಜಾಗ ತೋರಿಸಿ. "ತಪ್ಪಿದರೆ ಈ ಮರದ ಬುಡಕ್ಕೆ ಬಾ" ಎನ್ನಿ. ಹೊರಡುವ ಮೊದಲು ಮೊಬೈಲಿನಲ್ಲಿ ಮಗುವಿನ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮಗು ತಪ್ಪಿದಾಗ ಅದು ಯಾವ ಬಣ್ಣದ ಅಂಗಿ ಹಾಕಿತ್ತು ಎಂಬುದು ಗಾಬರಿಯಲ್ಲಿ ಹೆತ್ತವರಿಗೂ ಮರೆತುಹೋಗುತ್ತದೆ. ಮಗು ಸಿಗದಿದ್ದರೆ 112ಕ್ಕೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು.

ಗದ್ದಲ ಬರೀ ಮಕ್ಕಳನ್ನು ತಪ್ಪಿಸುವುದಿಲ್ಲ. ಜೀವವನ್ನೂ ತೆಗೆಯುತ್ತದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರಿಕೆಟ್ ಮೈದಾನದ ಬಾಗಿಲ ಹತ್ತಿರ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಇಂಥ ಕಡೆ ತುಳಿತಕ್ಕಿಂತ ಹೆಚ್ಚಾಗಿ ಒತ್ತಡಕ್ಕೆ ಜನ ಸಾಯುತ್ತಾರೆ. ಎದೆ ಒತ್ತಿ ಉಸಿರು ಆಡುವುದಿಲ್ಲ. ನಾಲ್ಕೂ ಕಡೆಯಿಂದ ಮೈ ತಾಗತೊಡಗಿತು ಎಂದರೆ ಹೊರಡುವ ಹೊತ್ತು ಆಯಿತು ಎಂದು ತಿಳಿಯಿರಿ. ಜನರಿಗೆ ಎದುರಾಗಿ ನುಗ್ಗಬೇಡಿ. ಓರೆಯಾಗಿ ಬದಿಗೆ ಸರಿಯುತ್ತಾ ಹೋಗಿ. ಎರಡೂ ಕೈ ಎದೆಯ ಮುಂದೆ ಇರಲಿ. ಸಣ್ಣ ಮಗು ಇದ್ದರೆ ಎತ್ತಿಕೊಳ್ಳಿ. ಚಪ್ಪಲಿ ಬಿದ್ದರೆ ಬೀಳಲಿ, ಬಗ್ಗಬೇಡಿ. ದೇವರು ದೂರದಿಂದ ಕೈ ಮುಗಿದರೂ ಒಪ್ಪುತ್ತಾನೆ.

ದಾರಿಯಲ್ಲಿ

ಮೂರೂ ತಾಲೂಕಿನಲ್ಲಿ ಹೆದ್ದಾರಿ ಊರೊಳಗೇ ಹಾದು ಹೋಗುತ್ತದೆ. ಮೊದಲು ಅದಕ್ಕೆ 17 ಎಂದು ನಂಬರು. ಈಗ 66. ಬಸ್ಸಿನಿಂದ ಇಳಿದವರು ಬಸ್ಸಿನ ಮುಂದಿನಿಂದಲೇ ರಸ್ತೆ ದಾಟುತ್ತಾರೆ. ಹಿಂದಿನಿಂದ ಬರುವ ಗಾಡಿ ಅವರಿಗೆ ಕಾಣುವುದಿಲ್ಲ. ಬಸ್ಸು ಹೋಗಲಿ, ಆಮೇಲೆ ದಾಟಿ. ರೈಲ್ವೆ ಸ್ಟೇಶನ್ನಿನಲ್ಲಿಯೂ ಮಕ್ಕಳ ಕೈ ಬಿಡಬೇಡಿ. ಎಲ್ಲ ರೈಲೂ ಎಲ್ಲ ಸ್ಟೇಶನ್ನಿನಲ್ಲಿ ನಿಲ್ಲುವುದಿಲ್ಲ. ನಿಲ್ಲದ ರೈಲು ಬಹಳ ವೇಗದಲ್ಲಿ ಹೋಗುತ್ತದೆ.

ಮೂಗಿಗೂ ಕೆಲಸ ಇದೆ. 2015ರಲ್ಲಿ ಕುಮಟಾ ತಾಲೂಕಿನ ಬರ್ಗಿಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಬೆಂಕಿ ಹತ್ತಿತು. ಹಲವರು ಸುಟ್ಟು ಸತ್ತರು. ಅಡಿಗೆ ಗ್ಯಾಸು ಗಾಳಿಗಿಂತ ಭಾರ. ಅದು ಮೇಲೆ ಹೋಗುವುದಿಲ್ಲ. ನೀರಿನ ಹಾಗೆ ತಗ್ಗಿಗೆ ಹರಿದು, ಮನೆಯೊಳಗೂ ಬರುತ್ತದೆ. ವಾಸನೆ ಬಂದರೆ ಒಲೆ ಹಚ್ಚಬೇಡಿ, ಬೀಡಿ ಸೇದಬೇಡಿ. ಲೈಟಿನ ಸ್ವಿಚ್ಚನ್ನೂ ಮುಟ್ಟಬೇಡಿ. ಬೈಕು ಚಾಲೂ ಮಾಡಬೇಡಿ. ನೋಡಲು ಹತ್ತಿರ ಹೋಗಲೇಬೇಡಿ. ಗಾಳಿ ಬರುವ ದಿಕ್ಕಿಗೆ, ಎತ್ತರದ ಕಡೆಗೆ ಮನೆಮಂದಿಯನ್ನೆಲ್ಲ ನಡೆಸಿಕೊಂಡು ಹೋಗಿ.

ಮಳೆಗಾಲದಲ್ಲಿ ಧರೆಯ ಮೇಲೆ ಒಂದು ಕಣ್ಣು ಇರಲಿ. 2022ರ ಆಗಸ್ಟಿನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ನಾಲ್ವರು ಸತ್ತರು. 2024ರ ಜುಲೈ 16ರಂದು ಪಕ್ಕದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡವೇ ಜರಿಯಿತು. ಅಲ್ಲಿ ಚಹಾದಂಗಡಿ ನಡೆಸುತ್ತಿದ್ದ ಮನೆಯವರು ಹೋದರು. ಚಹಾ ಕುಡಿಯಲು ಗಾಡಿ ನಿಲ್ಲಿಸುವ ಜಾಗ ಅದು. ಜೋರು ಮಳೆಯಲ್ಲಿ ಕಡಿದ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಬೇಡಿ. ನೆಲ ಬಿರಿದಿದ್ದರೆ, ಮರ ವಾಲಿದ್ದರೆ, ಸಣ್ಣ ಕಲ್ಲು ಉರುಳಿದರೆ, ಧರೆಯಿಂದ ಒಮ್ಮೆಲೇ ಕೆಸರು ನೀರು ಬಂದರೆ ಅಲ್ಲಿಂದ ದೂರ ಹೋಗಿ. ಜಿಲ್ಲೆಯ ವಿಪತ್ತು ಸಹಾಯವಾಣಿ 1077ಕ್ಕೆ ತಿಳಿಸಿ.

ಒಂದು ಚೀಟಿ ಬರೆಯಿರಿ

ಈಗ ನಿಮಗೆ ಬರೆಯಲು ಬರುತ್ತದೆ. ಮುಂದಿನ ಸಲ ತೇರಿಗೋ ಕಡಲಿಗೋ ಹೊರಟಾಗ ಸಣ್ಣ ಚೀಟಿ ತೆಗೆದುಕೊಳ್ಳಿ. ಅದರಲ್ಲಿ ನಿಮ್ಮ ಹೆಸರು ಬರೆಯಿರಿ. ಊರಿನ ಹೆಸರು ಬರೆಯಿರಿ. ಫೋನ್ ನಂಬರನ್ನು ಬಿಡಿಸಿ ದೊಡ್ಡದಾಗಿ ಬರೆಯಿರಿ. ಬರೆದದ್ದನ್ನು ಮಗುವಿನಿಂದಲೇ ಒಮ್ಮೆ ಓದಿಸಿ. ತಪ್ಪಿದ್ದರೆ ಅದೇ ಹೇಳುತ್ತದೆ. ನನ್ನ ಮಗಳು ಹಾಗೆಯೇ ನನ್ನ ತಪ್ಪು ಹಿಡಿದಿದ್ದಾಳೆ.

ಚೀಟಿಯನ್ನು ಮಡಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮಗುವಿನ ಕಿಸೆಗೆ ಹಾಕಿ ಪಿನ್ನು ಚುಚ್ಚಿ. ಸುತ್ತದೆ ಹಾಕಿದರೆ ಬೆವರಿಗೋ ಕಡಲ ನೀರಿಗೋ ಒದ್ದೆಯಾಗಿ ಅಕ್ಷರ ಅಳಿಸಿಹೋಗುತ್ತದೆ.