ನೇತ್ರಾಣಿಯ ಅಲೆಗಳ ಮೇಲೆ
ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ನಡೆಯುವ ಸ್ಕೂಬಾ ಡೈವಿಂಗ್‌ನಲ್ಲಿ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲಾಳಕ್ಕೆ ಇಳಿಯುವ ಸಾಹಸದಲ್ಲಿ, ಆಳದ ಭಯ ಸಹಜವಾದರೂ ಮೇಲೆ ಬಂದ ಬಳಿಕದ ಅಪಾಯವೂ ಚಿಕ್ಕದಲ್ಲ. ನೀರಿನ ಸೆಳೆತಕ್ಕೆ ಸಿಕ್ಕಿ ದೋಣಿಯಿಂದ ದೂರ ಸರಿದವರ ತಲೆ, ಅಲೆಗಳ ನಡುವೆ ತೇಲುವ ತೆಂಗಿನಕಾಯಿಯಂತೆ ಕಂಡೂ ಕಾಣದಾಗುತ್ತದೆ. ಮುಖವನ್ನು ನೀರಿನಲ್ಲಿಟ್ಟೇ ಉಸಿರಾಡಲು ನೆರವಾಗುವ ಬಾಗಿದ ಕೊಳವೆಯಾದ ಸ್ನಾರ್ಕೆಲ್ ಆಗ ಸಿಲಿಂಡರಿನ ಗಾಳಿಯನ್ನು ಉಳಿಸುತ್ತದೆ. ಆದರೆ ಆಳದಲ್ಲಿ ಅದು ಅಡ್ಡಿಯೆಂಬ ಆಕ್ಷೇಪವೂ ನಿಜವಾದ್ದರಿಂದ, ಮಡಚಿ ಜೇಬಿನಲ್ಲಿಡುವ ಬಗೆಯದೇ ಲೇಸು. ಬಿಡಲೇಬಾರದ ವಸ್ತುಗಳೆಂದರೆ ಸೀಟಿ ಮತ್ತು ಗಾಳಿ ತುಂಬಿದಾಗ ನೀರಿನ ಮೇಲೆ ನೆಟ್ಟಗೆ ನಿಲ್ಲುವ ಕಿತ್ತಳೆ ಬಣ್ಣದ ಉದ್ದನೆಯ ತೇಲುಚೀಲ. ದೋಣಿಯ ಎಂಜಿನ್ ಸದ್ದಿನಲ್ಲಿ ಸೀಟಿ ಕೇಳಿಸದಿದ್ದರೂ ಆ ಬಣ್ಣ ಕಣ್ಣಿಗೆ ಬೀಳುತ್ತದೆ.